ಗಾಡಿ ಶೆಡ್ಡಿನ ಬಾಗಿಲು

ಮನೆಯಿಂದ ದೂರ ಸರಿಸಿ ಗಾಡಿ ಶೆಡ್ಡು ಕಟ್ಟಿಸುವ ಸದಸ್ಯರು ನಮ್ಮ ತಪ್ಪನ್ನು ಮಾಡದಿರಲಿ. ರೋಲಿಂಗ್ ಶಟರ್ ವಿಚಾರಿಸಲು ನಾವು ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆ ಪಕ್ಕದ ಎಸ್.ಜೆ.ಪಿ. ರಸ್ತೆಗೆ ಹೋಗಿ '8 ಅಡಿ' ಎಂದೆವು. 'ಗೋಡೆಯಿಂದ ಗೋಡೆಗೋ, ಗಾಡಿ ನುಗ್ಗುವ ಜಾಗವೋ?' ಎಂದರು ಅಂಗಡಿಯವರು. ನಮ್ಮಲ್ಲಿ ಉತ್ತರವಿರಲಿಲ್ಲ, ಊರಿನಲ್ಲಿ ಗೋಡೆ ಆಗಲೇ ಎದ್ದಿತ್ತು. ಶಟರ್ ಓಡಾಡುವ ಹಳಿಗಳು ಎರಡೂ ಬದಿ ಅಷ್ಟಷ್ಟು ತಿಂದವು. ಅಂಗಳವೂ ಕಿರಿದು, ತಿರುಗಿಸಿಕೊಂಡೇ ನುಗ್ಗಬೇಕು. ಇಂದಿಗೂ ಪಿಕಪ್ಪಿನ ಕನ್ನಡಿ ಮಡಚಿ ಒಳಗೆ ತರುತ್ತೇವೆ.

ಹಳಿ ಕಳೆದು 10 ಅಡಿ ಅಗಲ ಉಳಿಯಲಿ. ಎತ್ತರವನ್ನು ಖಾಲಿ ಗಾಡಿಗಲ್ಲ, ಮೂಟೆ ಹೇರಿ ಟಾರ್ಪಾಲು ಕಟ್ಟಿದ ಗಾಡಿಗೆ ಅಳೆದು, ಮೇಲೆ 1 ಅಡಿ ಸೇರಿಸಿ. ಶಟರಿನ ಸುರುಳಿಗೆ ಬೇಕಾದ ಜಾಗ ಬೇರೆ. ಅದನ್ನು ಲಿಂಟಲ್ ಹಾಕುವ ಮೊದಲೇ ಅಂಗಡಿಯಲ್ಲಿ ಕೇಳಿ ಮೇಸ್ತ್ರಿಗೆ ಹೇಳಬೇಕು.

ಮಲೆನಾಡಿನಲ್ಲಿ ಮುಂಗಾರಿನ ಎರಚಲು ಬಡಿಯುವುದು ನೈರುತ್ಯದಿಂದ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ. ಗೋಡೆಯ ನಟ್ಟನಡುವೆಯೇ ಇರಬೇಕೆಂದಿಲ್ಲ. ಒಂದು ಬದಿಗೆ ಸರಿಸಿದರೆ ಇನ್ನೊಂದು ಬದಿಯಲ್ಲಿ ಸ್ಪ್ರೇಯರ್, ಏಣಿ, ದೋಟಿಗಳಿಗೆ ಜಾಗವಾಗುತ್ತದೆ. ಮನೆಯತ್ತ 3 ಅಡಿಯ ಕಿರುಬಾಗಿಲೊಂದನ್ನು ಮರೆಯಬೇಡಿ: ಶಟರ್ ಕಚ್ಚಿಕೊಂಡ ದಿನ ಒಳಗೆ ಹೋಗಲು ಅದೇ ದಾರಿ.