ಹಿಮ, ಬೇಕರಿ, ಕೊನೆಗೊಂದು ಮುತ್ತು: ಒಂದೇ ಕಥೆಯ ಕ್ರಿಸ್‌ಮಸ್ ಸಿನಿಮಾಗಳನ್ನು ಜನ ಮತ್ತೆ ಮತ್ತೆ ನೋಡುವುದೇಕೆ?

ನ್ಯೂಯಾರ್ಕ್‌ನಲ್ಲಿ ದೊಡ್ಡ ಹುದ್ದೆಯಲ್ಲಿರುವ ಹುಡುಗಿ. ಸದಾ ಫೋನಿಗೇ ಅಂಟಿಕೊಂಡಿರುವ ಬಾಯ್‌ಫ್ರೆಂಡ್. ಕ್ರಿಸ್‌ಮಸ್‌ಗೆ ಕೆಲವೇ ದಿನ ಇರುವಾಗ ಆಕೆ ಹುಟ್ಟೂರಿಗೆ ಹೋಗಬೇಕಾಗುತ್ತದೆ. ಅಲ್ಲಿ ಅಪ್ಪನ ಬೇಕರಿ ಬಾಗಿಲು ಹಾಕುವ ಸ್ಥಿತಿಯಲ್ಲಿದೆ. ಎದುರಿಗೆ ಚೆಕ್ಸ್ ಶರ್ಟ್ ತೊಟ್ಟ, ಕ್ರಿಸ್‌ಮಸ್ ಮರ ಮಾರುವ ಯುವಕನೊಬ್ಬ ಬರುತ್ತಾನೆ.

ಮುಂದೇನು ಅಂತ ಹೇಳಲೇಬೇಕಾಗಿಲ್ಲ. ನಿಮಗೆ ಗೊತ್ತು, ನೋಡುವ ಕೋಟ್ಯಂತರ ಜನರಿಗೂ ಗೊತ್ತು. ಆದರೂ ಡಿಸೆಂಬರ್ ಬಂತೆಂದರೆ ಇವುಗಳ ಮುಂದೆ ಕೂರುವವರಿಗೆ ಕೊರತೆಯಿಲ್ಲ. ಯಾಕೆ?

ಕಾರ್ಡ್ ಮಾರುತ್ತಿದ್ದವರ ಸಿನಿಮಾ

ಅಮೆರಿಕದಲ್ಲಿ ಈ ಬಗೆಯ ಟಿವಿ ಚಿತ್ರಗಳಿಗೆ 'ಹಾಲ್‌ಮಾರ್ಕ್ ಸಿನಿಮಾ' ಎಂದೇ ಹೆಸರು. ಹಾಲ್‌ಮಾರ್ಕ್ ಮೂಲತಃ ಗ್ರೀಟಿಂಗ್ ಕಾರ್ಡ್ ಕಂಪನಿ. 1910ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಶುರುವಾಯಿತು. 1951ರ ಕ್ರಿಸ್‌ಮಸ್ ಮುನ್ನಾದಿನವೇ ಟಿವಿಯಲ್ಲಿ ಹಬ್ಬದ ಒಪೆರಾ ಒಂದನ್ನು ಪ್ರಾಯೋಜಿಸಿತ್ತು. 2001ರಲ್ಲಿ ಹಾಲ್‌ಮಾರ್ಕ್ ಚಾನೆಲ್ ಬಂತು. 2009ರಲ್ಲಿ 'ಕೌಂಟ್‌ಡೌನ್ ಟು ಕ್ರಿಸ್‌ಮಸ್' ಎಂಬ ಹಬ್ಬದ ಸರಣಿ ಆರಂಭವಾಯಿತು. ಹತ್ತೇ ವರ್ಷದಲ್ಲಿ, ಅಂದರೆ 2019ರ ಹೊತ್ತಿಗೆ, ಒಂದೇ ಸೀಸನ್‌ಗೆ 40 ಹೊಸ ಚಿತ್ರ!

ನಮ್ಮಲ್ಲಿ ಹಲವರಿಗೆ ಇದರ ಪರಿಚಯವಾಗಿದ್ದು ನೆಟ್‌ಫ್ಲಿಕ್ಸ್ ಮೂಲಕ. 2017ರ 'ಎ ಕ್ರಿಸ್‌ಮಸ್ ಪ್ರಿನ್ಸ್', 2018ರ 'ದಿ ಪ್ರಿನ್ಸೆಸ್ ಸ್ವಿಚ್' ಇದೇ ಜಾತಿಯವು. ಬೇಕರಿ ಜಾಗದಲ್ಲಿ ಅರಮನೆ, ಅಷ್ಟೇ.

ಜುಲೈ ಬಿಸಿಲಲ್ಲಿ ಹಿಮ

ಹೆಚ್ಚಿನ ಚಿತ್ರಗಳ ಶೂಟಿಂಗ್ ನಡೆಯುವುದು ಕೆನಡಾದಲ್ಲಿ. ಅಲ್ಲಿ ತೆರಿಗೆ ರಿಯಾಯಿತಿ ಸಿಗುತ್ತದೆ, ಖರ್ಚೂ ಕಡಿಮೆ. ಎರಡು-ಮೂರು ವಾರದಲ್ಲಿ ಚಿತ್ರೀಕರಣ ಮುಗಿಯುತ್ತದೆ. ಎಷ್ಟೋ ಸಲ ಅದು ಬೇಸಿಗೆಯಲ್ಲೇ. ನಟ-ನಟಿಯರು ಬಿಸಿಲಲ್ಲಿ ಉಣ್ಣೆ ಕೋಟು ತೊಟ್ಟು, ನೊರೆಯಿಂದ ಮಾಡಿದ ಹಿಮದ ಮೇಲೆ ನಡೆಯುತ್ತಾರೆ.

ಕಥೆಗೂ ಅಳತೆಯಿದೆ. ಎರಡು ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಸಿನಿಮಾ ಉಳಿಯುವುದು ಸುಮಾರು ಒಂದೂವರೆ ಗಂಟೆ. ಪ್ರತಿ ಬ್ರೇಕ್‌ಗೂ ಮುನ್ನ ಒಂದು ಸಣ್ಣ ಕುತೂಹಲ ಬೇಕು. ಮಧ್ಯದಲ್ಲಿ ಮುತ್ತಿನ ಹತ್ತಿರ ಬಂದು ಯಾರೋ ಅಡ್ಡ ಬರಬೇಕು. ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಒಂದು ತಪ್ಪು ತಿಳಿವಳಿಕೆ. ಕೊನೆಯ ದೃಶ್ಯದಲ್ಲಿ ಮುತ್ತು, ಜತೆಗೆ ಹಿಮ.

ಗೊತ್ತಿರುವುದೇ ಸಮಾಧಾನ

ನಮ್ಮ ಮನೆಗಳ ಸಂಜೆ ಧಾರಾವಾಹಿ ನೆನಪಿಸಿಕೊಳ್ಳಿ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ನೋಡಬಹುದು, ಎರಡು ದಿನ ತಪ್ಪಿದರೂ ಕಥೆ ಕೈಬಿಡುವುದಿಲ್ಲ. ಆದರೆ ಧಾರಾವಾಹಿಯಲ್ಲಿ ವಿಲನ್ ಅತ್ತೆಯ ಸಂಚು ವರ್ಷಗಟ್ಟಲೆ ನಡೆಯುತ್ತದೆ. ಇಲ್ಲಿ ಒಂದೂವರೆ ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ. ಕೊಲೆಯಿಲ್ಲ, ಬೈಗುಳವಿಲ್ಲ, ಅಜ್ಜಿ-ಮೊಮ್ಮಗಳು ಒಟ್ಟಿಗೆ ಕುಳಿತರೂ ಮುಜುಗರವಿಲ್ಲ. ದಿನವಿಡೀ ಕೆಟ್ಟ ಸುದ್ದಿ ಓದಿದವರಿಗೆ (ಅದನ್ನು ಬರೆಯುವ ನಮಗೂ!) ಯಾರಿಗೂ ಕೆಟ್ಟದ್ದಾಗದ ಕಥೆ ಬೇಕೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಆ ಊರಲ್ಲಿ ಯಾರಿಲ್ಲ?

ಸಮಸ್ಯೆ ಇರುವುದು ಆ ಸುಂದರ ಊರಿನಲ್ಲೇ. ಬಹುಕಾಲ ಅಲ್ಲಿ ನಾಯಕ-ನಾಯಕಿ ಬಹುತೇಕ ಬಿಳಿಯರೇ. ಸಲಿಂಗಿಗಳಿಗಂತೂ ಜಾಗವೇ ಇರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಇಬ್ಬರು ವಧುಗಳು ಮುತ್ತಿಡುವ ಜಾಹೀರಾತೊಂದನ್ನು ಹಾಲ್‌ಮಾರ್ಕ್ ಸಂಪ್ರದಾಯವಾದಿ ಗುಂಪಿನ ಒತ್ತಡಕ್ಕೆ ಮಣಿದು ತೆಗೆದುಹಾಕಿತು. ಟೀಕೆ ಜೋರಾದಾಗ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿತು. ಮುಂದಿನ ತಿಂಗಳೇ ವಾಹಿನಿಯ ಮುಖ್ಯಸ್ಥ ಬಿಲ್ ಅಬಾಟ್ ಹೊರನಡೆದರು. ಸಲಿಂಗಿ ಪ್ರೇಮವೇ ಕೇಂದ್ರವಾದ ಹಾಲ್‌ಮಾರ್ಕ್ ಕ್ರಿಸ್‌ಮಸ್ ಚಿತ್ರ 'ದಿ ಹಾಲಿಡೇ ಸಿಟ್ಟರ್' ಬರಲು 2022 ಆಗಬೇಕಾಯಿತು. ಅದೇ ವರ್ಷ ವಾಹಿನಿಯ ಜನಪ್ರಿಯ ನಟಿ ಕ್ಯಾಂಡೇಸ್ ಕ್ಯಾಮರೂನ್ ಬ್ಯೂರೆ, ಅಬಾಟ್ ನೇತೃತ್ವದ ಪ್ರತಿಸ್ಪರ್ಧಿ ವಾಹಿನಿಗೆ ಹೋದರು. ಅಲ್ಲಿ ಸಾಂಪ್ರದಾಯಿಕ ಮದುವೆಯ ಕಥೆಗಳೇ ಇರುತ್ತವೆ ಎಂಬರ್ಥದ ಅವರ ಮಾತು ಮತ್ತೊಂದು ವಿವಾದವಾಯಿತು.

ಇನ್ನೊಂದು ದೋಷ ಹೆಚ್ಚು ಸದ್ದು ಮಾಡುವುದಿಲ್ಲ. ಈ ಚಿತ್ರಗಳಲ್ಲಿ ಕೆಲಸ ಬಿಡುವವಳು ಸಾಮಾನ್ಯವಾಗಿ ಹೆಣ್ಣೇ. ಆಕೆಯ ದುಡಿಮೆ ಒಂದು ಕಾಯಿಲೆ, ಊರಿನ ಹುಡುಗ ಅದಕ್ಕೆ ಔಷಧಿ ಎಂಬಂತೆ ಕಥೆ ಸಾಗುತ್ತದೆ. ಆತ ನಗರಕ್ಕೆ ಹೊರಟುಬರುವುದು ಅಪರೂಪ.

ಊರಿಗೆ ಮರಳುವ ಆಸೆ

ಮುಂಬೈ, ಪುಣೆ, ದೆಹಲಿಯ ಬಾಡಿಗೆ ಮನೆಯಲ್ಲಿ ಕುಳಿತು ಇವನ್ನು ನೋಡುವ ಕನ್ನಡಿಗರಿಗೆ ಕ್ರಿಸ್‌ಮಸ್‌ಗಿಂತ ಹೆಚ್ಚು ನಾಟುವುದು ಈ ಭಾಗವೇ ಇರಬೇಕು. ಊರಿಗೆ ಹೋಗಿ ನೆಲೆಸುವುದು. ಹಬ್ಬಕ್ಕೆ ಬಸ್ ಟಿಕೆಟ್ ಬುಕ್ ಮಾಡುವಾಗಲೆಲ್ಲ ಆ ಯೋಚನೆ ಒಮ್ಮೆ ಬಂದೇ ಬರುತ್ತದೆ.

ಇದೇ ಆಸೆಯನ್ನು ಕನ್ನಡ ಸಿನಿಮಾ 1972ರಲ್ಲೇ ಹೇಳಿತ್ತು. 'ಬಂಗಾರದ ಮನುಷ್ಯ'ದ ರಾಜೀವ ಹಳ್ಳಿಗೆ ಬಂದು ಬಂಜರು ನೆಲವನ್ನು ಬೆವರು ಸುರಿಸಿ ಹಸಿರು ಮಾಡುತ್ತಾನೆ. ಆದರೆ ಕೊನೆಯಲ್ಲಿ ತಾನು ಸಾಕಿದವರಿಂದಲೇ ಅನುಮಾನದ ಮಾತು ಕೇಳಿ, ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಊರಿಗೆ ಮರಳುವುದಕ್ಕೆ ಬೆಲೆ ಇದೆ, ಊರಿನಲ್ಲೂ ಜಗಳ, ಆಸ್ತಿ, ಹೊಟ್ಟೆಕಿಚ್ಚು ಇದೆ ಎಂದು ಆ ಚಿತ್ರ ಮುಚ್ಚಿಡಲಿಲ್ಲ.

ಹಾಲ್‌ಮಾರ್ಕ್ ಮುಚ್ಚಿಡುತ್ತದೆ. ಬೇಕರಿಯ ಸಾಲ ಒಂದು ಸಂಜೆಯ ಹಬ್ಬದ ಮೇಳದಲ್ಲಿ ತೀರುತ್ತದೆ. ಕೆಲಸ ಬಿಟ್ಟವಳಿಗೆ ಮುಂದಿನ ತಿಂಗಳ ಸಂಬಳದ ಚಿಂತೆ ಇರುವುದಿಲ್ಲ. ಜನವರಿಯಲ್ಲಿ ಆ ಊರಲ್ಲಿ ಏನಾಯಿತು ಎಂದು ಯಾರೂ ತೋರಿಸುವುದಿಲ್ಲ.

ಹಾಗಂತ ನೋಡಬಾರದೇ? ಧಾರಾಳವಾಗಿ ನೋಡಿ. ಒಂದೂವರೆ ಗಂಟೆ ಮನಸ್ಸು ಹಗುರಾಗುವುದು ಸಣ್ಣ ವಿಷಯವಲ್ಲ. ಮುಗಿದ ಮೇಲೆ ಊರಿಗೊಂದು ಫೋನ್ ಮಾಡಿ. ಅಲ್ಲಿನ ನಿಜವಾದ ಸುದ್ದಿ ಅಮ್ಮನ ಬಳಿ ಇರುತ್ತದೆ.