ಅಂಗಮರ್ದನ ವಿದ್ಯೆಯ ಅಭ್ಯಾಸಕ್ರಮ: ಎಡೊ ಮತ್ತು ಲಂಡನ್ ನಗರಗಳ ನಿದರ್ಶನ

ಅಂಗಮರ್ದನವು ಕೈಯಿಂದ ಕೈಗೆ ಬರತಕ್ಕ ವಿದ್ಯೆ. ಗ್ರಂಥಮಾತ್ರದಿಂದ ಅದು ಸಿದ್ಧಿಸುವುದಿಲ್ಲ. ಆದರೆ ಯಾರ ಬಳಿ ಕಲಿಯಬೇಕು, ಕಲಿತದ್ದಕ್ಕೆ ಪ್ರಮಾಣವೇನು ಎಂಬ ಪ್ರಶ್ನೆಗಳಿಗೆ ಚರಿತ್ರೆಯಲ್ಲಿ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ. ಕೆಲವೇ ದಿನಗಳ ತರಬೇತಿಗೆ ಪ್ರಮಾಣಪತ್ರ ದೊರೆಯುವ ಈ ಕಾಲದಲ್ಲಿ ಅವು ವಿಚಾರಾರ್ಹವಾಗಿವೆ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಉಸ್ತಾದನ ಕಣ್ಣೆದುರಿನಲ್ಲಿ ಒಬ್ಬರಿಗೊಬ್ಬರು ಮೈತಿಕ್ಕಿಯೇ ಇದನ್ನು ಕಲಿತರು. ಅಲ್ಲಿ ತಿಕ್ಕಿಸಿಕೊಂಡವನ ಮೈಯೇ ಪರೀಕ್ಷಕ. ಅಪರಿಚಿತನಾದ ರೋಗಿಯು ಹಣ ತೆತ್ತು ಮೈಯೊಪ್ಪಿಸುವ ಸಂದರ್ಭದಲ್ಲಾದರೋ ಇಷ್ಟು ಸಾಲದು.

ಜಪಾನಿನಲ್ಲಿ ‘ಅಂಮಾ’ ಎಂಬ ಮರ್ದನವು ಎಡೊ ಯುಗದಲ್ಲಿ ಬಹುಮಟ್ಟಿಗೆ ಅಂಧರ ಜೀವನೋಪಾಯವಾಗಿತ್ತು. ಸ್ವತಃ ಅಂಧನಾಗಿದ್ದ ಸುಗಿಯಾಮ ವಾಇಚಿ (1610–1694) ಎಂಬ ಸೂಜಿಚಿಕಿತ್ಸಕನು 1682ರಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಅಂಧರಿಗೆ ಈ ಎರಡು ವಿದ್ಯೆಗಳನ್ನೂ ಕಲಿಸುವ ಶಾಲೆಯನ್ನು ಸ್ಥಾಪಿಸಿದನು. ಗುರುಗೃಹದ ವಿದ್ಯೆಗೆ ಹೀಗೆ ಪಾಠಶಾಲೆಯ ಕ್ರಮವೊದಗಿತು. ಆದರೆ ಅಂಧರ ಸಂಘದಲ್ಲಿ ಮೇಲಿನ ಪದವಿಗಳನ್ನು ಹಣಕೊಟ್ಟು ಪಡೆಯುವ ರೂಢಿಯೂ ಇದ್ದಿತು. ಹಾಗಿರುವಲ್ಲಿ ಪದವಿಯು ಕೈಯ ನೈಪುಣ್ಯಕ್ಕೆ ಸಾಕ್ಷಿಯಾಗಲಾರದಷ್ಟೆ.

ಲಂಡನ್ ನಗರದ ನಿದರ್ಶನವು ಇನ್ನೂ ಬೋಧಪ್ರದವಾದುದು. 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು, ಮರ್ದನಗೃಹಗಳೆಂಬ ಹೆಸರಿನಲ್ಲಿ ನಡೆಯುತ್ತಿದ್ದ ಅನಾಚಾರವನ್ನು ಬಯಲಿಗೆಳೆಯಿತು. ಪ್ರಾಮಾಣಿಕವಾಗಿ ದುಡಿಯುತ್ತಿದ್ದ ದಾದಿಯರ ಮರ್ಯಾದೆಗೂ ಹೊಟ್ಟೆಪಾಡಿಗೂ ಇದರಿಂದ ಧಕ್ಕೆಯೊದಗಿತು. ಅದೇ ವರ್ಷ ಲೂಸಿ ರಾಬಿನ್‌ಸನ್, ರೋಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಶಿಕ್ಷಿತ ಮರ್ದಕಿಯರ ಸಂಘವೊಂದನ್ನು ಕಟ್ಟಿದರು. ವೈದ್ಯರ ನಿರ್ದೇಶನವಿಲ್ಲದೆ ಚಿಕಿತ್ಸೆ ಮಾಡಕೂಡದು, ಸಾಮಾನ್ಯವಾಗಿ ಪುರುಷರಿಗೆ ಮರ್ದನ ಮಾಡಕೂಡದು, ವೈದ್ಯಕೀಯ ಪತ್ರಿಕೆಗಳ ಹೊರತು ಅನ್ಯತ್ರ ಜಾಹೀರಾತು ಕೊಡಕೂಡದು ಎಂಬ ನಿಯಮಗಳು ಅವರವು. ಈ ನಿಯಮಗಳು ಆ ಕಾಲದ ಶಂಕೆಗೆ ಕೊಟ್ಟ ಉತ್ತರ. ಇಂದಿನವರಿಗೆ ಅತಿಯೆನಿಸಿದರೆ ಆಶ್ಚರ್ಯವಿಲ್ಲ. ಆದರೆ 1895ರಿಂದ ಅವರು ನಡೆಸಿದ ಪರೀಕ್ಷೆಯ ಬೆಲೆ ಶಾಶ್ವತವಾದುದು. ವಿದ್ಯಾರ್ಥಿನಿಯು ಯಾರ ಬಳಿಯಲ್ಲಿ ಕಲಿತಿದ್ದರೂ ಸರಿ, ಶರೀರರಚನೆಯ ಜ್ಞಾನವನ್ನೂ ಕೈಯ ಅಭ್ಯಾಸವನ್ನೂ ಸಂಘದ ಮುಂದೆ ತೋರಿಸಬೇಕಾಗಿತ್ತು. ಶುಲ್ಕ ಪಡೆದು ಕಲಿಸಿದವರ ಮಾತೇ ಅಂತಿಮ ಪ್ರಮಾಣವೆಂಬ ಸ್ಥಿತಿ ಇದರಿಂದ ತಪ್ಪಿತು. ಕಲಿಯಹೊರಟವನು ಶಾಲೆಯ ಕೀರ್ತಿಗಿಂತ ಮೊದಲು ವಿಚಾರಿಸಬೇಕಾದುದು ಇದನ್ನೇ ಎಂದು ನನ್ನ ಅಭಿಪ್ರಾಯ.

ಈ ಕ್ರಮದ ಫಲವು ಮೊದಲನೆಯ ಮಹಾಯುದ್ಧದಲ್ಲಿ ಕಂಡುಬಂದಿತು. 1915ರಲ್ಲಿ ಆರ್ಥರ್ ಪಿಯರ್ಸನ್ ಸ್ಥಾಪಿಸಿದ ಸೇಂಟ್ ಡನ್‌ಸ್ಟನ್ಸ್ ಆಶ್ರಯದಲ್ಲಿ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರು ಕೆಲವರು ಬೆರಳುಗಳಿಂದಲೇ ಶರೀರರಚನೆಯನ್ನು ಅಭ್ಯಸಿಸಿ ಈ ಸಂಘದ ಪರೀಕ್ಷೆಯಲ್ಲಿಯೇ ಉತ್ತೀರ್ಣರಾದರು. ಕರುಣೆಯ ಉದ್ಯೋಗವಲ್ಲ, ಪರೀಕ್ಷಿತ ವೃತ್ತಿಯೇ ಅವರಿಗೆ ದೊರಕಿತು. 1920ರಲ್ಲಿ ಸಂಘಕ್ಕೆ ರಾಜಸನ್ನದು ಬಂದಿತು. 1944ರಲ್ಲಿ ಅದು ಫಿಸಿಯೋಥೆರಪಿ ಸಂಘವೆಂದು ಹೆಸರು ಬದಲಾಯಿಸಿಕೊಂಡಾಗ, ಮರ್ದನವೆಂಬ ಶಬ್ದವೇ ಆ ಹೆಸರಿನಿಂದ ಬಿಟ್ಟುಹೋಯಿತು.