ಮೂಳೆ ಮಾತ್ರೆ: ನುಂಗಬೇಕಾ, ಬಿಡಬೇಕಾ?

ಧರ್ಮಪುರಿ: ವಾರಕ್ಕೆ ಒಂದೇ ಮಾತ್ರೆ. ಆದರೆ ಅದಕ್ಕಾಗಿ ಮನೆಯಲ್ಲಿ ವಾರವಿಡೀ ಚರ್ಚೆ. ‘ಇದು ದವಡೆ ಮೂಳೆ ಕೊಳೆಸುತ್ತಂತೆ, ಬೇಡಮ್ಮ’ ಅಂತಾನೆ ಮಗ. ‘ಬಿದ್ದು ಸೊಂಟ ಮುರಿದ್ರೆ ಏನ್ಮಾಡ್ತೀರಿ ಅತ್ತೆ?’ ಅಂತಾಳೆ ಸೊಸೆ. ಸೇಲಂನ ದೇವಾಂಗ ನೇಕಾರರ ಮನೆಯಿರಲಿ, ಧರ್ಮಪುರಿ ಕಡೆಯ ಕನ್ನಡ ಕುಟುಂಬವಿರಲಿ, ಅರವತ್ತು ದಾಟಿದ ಹೆಂಗಸರಿಗೆ ಮೂಳೆ ಸವೆತ ಅಂದಾಗ ಏಳುವ ಪ್ರಶ್ನೆ ಇದೇ. ಇಬ್ಬರ ಮಾತಲ್ಲೂ ನಿಜ ಇದೆ. ತೂಗಿ ನೋಡಬೇಕು ಅಷ್ಟೆ.

ಲಾಭ ಎಷ್ಟು?

ಮುಟ್ಟು ನಿಂತ ಮೇಲೆ ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಜಾಸ್ತಿ. ಅಲೆಂಡ್ರೊನೇಟ್‌ನಂಥ ಮಾತ್ರೆಗಳು ಈ ಕರಗುವಿಕೆಗೆ ತಡೆ ಹಾಕುತ್ತವೆ. ಅದಾಗಲೇ ಬೆನ್ನುಮೂಳೆ ಕುಸಿದಿದ್ದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಸುಮಾರು ಮೂರು ವರ್ಷದಲ್ಲಿ, ಔಷಧಿ ಇಲ್ಲದ 100 ಮಂದಿಯಲ್ಲಿ 15 ಜನರಿಗೆ ಬೆನ್ನುಮೂಳೆ ಹೊಸದಾಗಿ ಕುಸಿದಿತ್ತು. ಮಾತ್ರೆ ತಗೊಂಡವರಲ್ಲಿ 8 ಜನರಿಗೆ. ಸೊಂಟ ಮುರಿದವರು ಇಬ್ಬರಿಂದ ಒಬ್ಬರಿಗೆ ಇಳಿದರು. ಅಂದರೆ ಒಮ್ಮೆ ಮೂಳೆ ಮುರಿದವರಿಗೇ ಲಾಭ ಹೆಚ್ಚು.

ತೊಂದರೆ ಏನು?

ಸಾಮಾನ್ಯವಾಗಿ ಕಾಣೋದು ಎದೆಯುರಿ, ಅನ್ನನಾಳದ ಹುಣ್ಣು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೇ ಇದ್ದರೆ ಇದು ಬಹಳ ಕಡಿಮೆ. ಕಾಪಿ ಆಮೇಲೆ. ದವಡೆ ತೊಂದರೆ 2003ರಲ್ಲಿ ಬೆಳಕಿಗೆ ಬಂತು. ಹೆಚ್ಚಾಗಿ ಕಂಡಿದ್ದು ದೊಡ್ಡ ಪ್ರಮಾಣದಲ್ಲಿ ಇಂಜೆಕ್ಷನ್ ಪಡೆದ ಕ್ಯಾನ್ಸರ್ ರೋಗಿಗಳಲ್ಲಿ. ಮಾತ್ರೆಯವರಲ್ಲಿ ತೀರಾ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೇದು. ಬಹುಕಾಲ ನುಂಗಿದವರಲ್ಲಿ ತೊಡೆಮೂಳೆ ಮುರಿಯುವುದೂ ಉಂಟು. ಇದಕ್ಕೆ ಅಮೆರಿಕದ ಔಷಧ ಇಲಾಖೆ 2010ರಲ್ಲಿ ಎಚ್ಚರಿಕೆ ಕೊಟ್ಟಿದೆ. ತೊಡೆ, ತೊಡೆಸಂದಿಯಲ್ಲಿ ನೋವು ಶುರುವಾದರೆ ಸುಮ್ಮನಿರಬಾರದು.

ನಮ್ಮ ನೀರಿನ ಕಥೆ

ಈ ಭಾಗಕ್ಕೆ ಇನ್ನೊಂದು ಗಂಟಿದೆ. ಧರ್ಮಪುರಿ, ಕೃಷ್ಣಗಿರಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೆಂದೇ 2008ರಲ್ಲಿ ಶಂಕುಸ್ಥಾಪನೆಯಾದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಆದರೆ ಅದಕ್ಕೂ ಮೊದಲು ದಶಕಗಟ್ಟಲೆ ಬೋರ್ ನೀರು ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಕೂತಿದೆ.

ವಿಚಿತ್ರ ಅಂದರೆ, ಒಂದು ಕಾಲಕ್ಕೆ ಫ್ಲೋರೈಡೇ ಮೂಳೆ ಸವೆತಕ್ಕೆ ಔಷಧಿಯಾಗಿತ್ತು! 1990ರಲ್ಲಿ ಅಮೆರಿಕದ ಅಧ್ಯಯನವೊಂದು ಬಣ್ಣ ಬಯಲು ಮಾಡಿತು. ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷದಲ್ಲಿ ಶೇ. 35 ಏರಿತ್ತು, ಆದರೆ ಕೈಕಾಲು, ಸೊಂಟದ ಕಡೆ ಮೂಳೆ ಮುರಿಯುವುದು ಇನ್ನೂ ಜಾಸ್ತಿಯಾಯಿತು. ದಪ್ಪ ಇದ್ದರೂ ಗಟ್ಟಿ ಇಲ್ಲ.

ಆದ್ದರಿಂದ ಇಲ್ಲಿಯವರ ಸ್ಕ್ಯಾನ್‌ನಲ್ಲಿ ಅಂಕಿ ಚೆನ್ನಾಗಿದೆ ಅಂದಮಾತ್ರಕ್ಕೆ ಮೂಳೆ ಭದ್ರ ಅಂತ ಅಲ್ಲ. ಮೈಕೈ ನೋವೆಲ್ಲ ಮೂಳೆ ಸವೆತವೂ ಅಲ್ಲ. ಯಾವ ಊರಲ್ಲಿ, ಎಷ್ಟು ವರ್ಷ, ಯಾವ ನೀರು ಕುಡಿದಿರಿ ಅನ್ನೋದನ್ನ ಡಾಕ್ಟರಿಗೆ ಹೇಳಲೇಬೇಕು.

ಕೇಳಬೇಕಾದ್ದು

ಮಾತ್ರೆಗೆ ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ ಪರೀಕ್ಷೆ ಆಗಿದೆಯಾ? ಎಷ್ಟು ವರ್ಷ ನುಂಗಬೇಕು? ಸಾಮಾನ್ಯವಾಗಿ ಐದು ವರ್ಷಕ್ಕೆ ಮರುಪರಿಶೀಲನೆ ಆಗಬೇಕು. ಅಪಾಯ ಕಡಿಮೆ ಇದ್ದವರಿಗೆ ಬಿಡುವು ಕೊಡುತ್ತಾರೆ. ಆರು ತಿಂಗಳಿಗೊಮ್ಮೆ ಹಾಕಿಸುವ ಡೆನೊಸುಮ್ಯಾಬ್ ಇಂಜೆಕ್ಷನ್ ಮಾತ್ರ ಬೇರೆ ಲೆಕ್ಕ. ಅದನ್ನು ಹಾಗೇ ನಿಲ್ಲಿಸಿದರೆ ಬೆನ್ನುಮೂಳೆ ಕುಸಿಯುವ ಭಯ ಇದೆ.

ಯಾರೋ ಹೇಳಿದರು ಅಂತ ಬಿಡೋದೂ ತಪ್ಪು, ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಳ್ಳೋದೂ ತಪ್ಪು.